ಪುಕ್ಕಟೆ ತಪಾಸಣೆಗೆ ಹೆಂಗಸರೇಕೆ ಬರುವುದಿಲ್ಲ?

ಮಾನ್ಯ ಸಂಪಾದಕರೇ,

ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ತಪಾಸಣೆಗೆ ಹಳ್ಳಿಯ ಮಹಿಳೆಯರು ಮುಂದೆ ಬರುತ್ತಿಲ್ಲ, ಅರಿವಿನ ಕೊರತೆಯೇ ಇದಕ್ಕೆ ಕಾರಣ ಎಂದು ಆರೋಗ್ಯ ಇಲಾಖೆಯ ಅಧಿಕಾರಿಯೊಬ್ಬರು ಹೇಳಿದ್ದನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಬ್ಯಾಡಗಿ ಸೀಮೆಯ ಹಳ್ಳಿಗಳಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಅಧಿಕಾರಿಗಳ ಮಾತನ್ನು ಒಪ್ಪಲು ನನ್ನಿಂದ ಆಗುವುದಿಲ್ಲ. ಕ್ಯಾನ್ಸರ್ ಎಂದರೇನೆಂದು ನಮ್ಮ ಹೆಂಗಸರಿಗೆ ಚೆನ್ನಾಗಿ ಗೊತ್ತು. ಹುಬ್ಬಳ್ಳಿಗೆ ಹೋಗಿ ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡಿಸಿಕೊಂಡು ಬಂದವರು, ಬಂದೂ ಉಳಿಯದವರು ಅವರ ಓಣಿಯಲ್ಲೇ ಇದ್ದಾರೆ.

ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ. ತೊಟ್ಟು ಬಿಡಿಸಲು ಸುತ್ತಲಿನ ಊರುಗಳಿಂದ ಹೆಂಗಸರು ಗುಂಪುಗುಂಪಾಗಿ ಬರುತ್ತಾರೆ. ಕೂಲಿ ಕಿಲೋ ಲೆಕ್ಕದಲ್ಲಿ. ಎಷ್ಟು ಬಿಡಿಸಿದರೆ ಅಷ್ಟೇ ದುಡ್ಡು, ಅರ್ಧ ದಿನ ಎದ್ದು ಹೋದರೆ ಅರ್ಧ ದಿನದ ಕಾಯಿ ಬೇರೆಯವರ ಪಾಲು. ವರ್ಷದಲ್ಲಿ ಒಂದಿಷ್ಟು ರೊಕ್ಕ ಕೈಯಲ್ಲಿ ಓಡಾಡುವುದು ಆಗಲೇ. ನಮ್ಮ ತಪಾಸಣಾ ಶಿಬಿರಗಳು ನಡೆಯುವುದು ಯಾವಾಗ? ಫೆಬ್ರುವರಿ 4, ವಿಶ್ವ ಕ್ಯಾನ್ಸರ್ ದಿನ. ಮಾರ್ಚ್ 8, ಮಹಿಳಾ ದಿನ. ಬ್ಯಾನರ್ ಕಟ್ಟಿ, ದೀಪ ಹಚ್ಚಿ, ಭಾಷಣ ಮುಗಿಯುವಷ್ಟರಲ್ಲಿ ಹನ್ನೆರಡು ಗಂಟೆ. ನೋಂದಣಿ ಪುಸ್ತಕದಲ್ಲಿ ಹೆಸರು ಬರೆಸುವವರು ಹೆಚ್ಚಾಗಿ ಆಶಾ, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಊರಿನ ಅನುಕೂಲಸ್ಥರು. ತೊಟ್ಟು ಬಿಡಿಸುವವಳು ಅಲ್ಲಿ ಇರುವುದೇ ಇಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ದೇಶದಲ್ಲಿ ಶೇ 1.9 ಮಾತ್ರ. ಪಕ್ಕದ ತಮಿಳುನಾಡಿನಲ್ಲಿ ಶೇ 10ರ ಹತ್ತಿರ. ಅಲ್ಲಿಯ ಹೆಂಗಸರು ದೇಶದ ಉಳಿದವರಿಗಿಂತ ಐದು ಪಟ್ಟು ಬುದ್ಧಿವಂತರೆಂದು ನಾನು ನಂಬುವುದಿಲ್ಲ. 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಒಂದೇ ವರ್ಷದಲ್ಲಿ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕಾಯಿಲೆ ಬಂತು, 80 ಸಾವಿರದಷ್ಟು ಮಂದಿ ಸತ್ತರು. ಇದಕ್ಕೆ ಕಾರಣವಾದ ಎಚ್‌ಪಿವಿ ಎಂಬ ವೈರಸ್ ತಗುಲಿ ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಹಿಡಿಯುತ್ತದೆ. ಅಷ್ಟು ಕಾಲಾವಕಾಶ ಕೊಡುವ ಕ್ಯಾನ್ಸರ್ ಬೇರೆ ಎಷ್ಟಿವೆ?

ಪರೀಕ್ಷೆಯೂ ದೊಡ್ಡದಲ್ಲ. ಗರ್ಭಕಂಠಕ್ಕೆ ಅಸಿಟಿಕ್ ಆಮ್ಲದ ತೆಳು ದ್ರಾವಣ ಹಚ್ಚಿ ಒಂದು ನಿಮಿಷ ಕಾದು ನೋಡುವುದು. ಬಿಳಿ ಮಚ್ಚೆ ಎದ್ದರೆ ಮುಂದಿನ ಪರೀಕ್ಷೆ, ಏಳದಿದ್ದರೆ ಮತ್ತೆ ತಪಾಸಣೆ ಐದು ವರ್ಷದ ಮೇಲೆ. ತರಬೇತಿ ಪಡೆದ ನರ್ಸ್ ಇದನ್ನು ಮಾಡಬಹುದೆಂದು ಕೇಂದ್ರದ 2016ರ ಮಾರ್ಗಸೂಚಿ ಹೇಳುತ್ತದೆ. ಮುಂಬೈಯ ಟಾಟಾ ಆಸ್ಪತ್ರೆಯವರು ಅದಕ್ಕೂ ಮುಂಚೆ, 1998ರಿಂದ, ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಇದೇ ಪರೀಕ್ಷೆ ಮಾಡಿದ್ದರು. ಮಾಡಿದವರು ಡಾಕ್ಟರರಲ್ಲ, ನಾಲ್ಕು ವಾರ ತರಬೇತಿ ಪಡೆದ, ಹತ್ತನೇ ಇಯತ್ತೆ ಓದಿದ ಹೆಣ್ಣುಮಕ್ಕಳು. ಮನೆಯ ಹತ್ತಿರವೇ ಹೋಗಿ ಕರೆದರು, ಅಲ್ಲೇ ನೋಡಿದರು. ಕರೆದವರಲ್ಲಿ ಶೇ 89 ಮಂದಿ ಬಂದರು, ಈ ಕ್ಯಾನ್ಸರಿನ ಸಾವು ಶೇ 31ರಷ್ಟು ಇಳಿಯಿತು. ಹೆಂಗಸರು ಬರುವುದಿಲ್ಲ ಎನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಇನ್ನು ಬಿಳಿ ಮಚ್ಚೆ ಕಂಡವರ ಪಾಡು. ತೊಟ್ಟು ಬಿಡಿಸುವ ಹೆಣ್ಣುಮಗಳೊಬ್ಬಳನ್ನು ನಾನೇ ಪುಸಲಾಯಿಸಿ ಶಿಬಿರಕ್ಕೆ ಕರೆತಂದಿದ್ದೆ. ಮಚ್ಚೆ ಇತ್ತು. ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಯಂತ್ರದಿಂದ ನೋಡುವ ಕಾಲ್ಪೊಸ್ಕೊಪಿ ಪರೀಕ್ಷೆಗೆ ದೂರದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಒಬ್ಬಳನ್ನೇ ಕಳಿಸಲು ಮನೆಯವರು ಒಪ್ಪಲಿಲ್ಲ. ಗಂಡನೂ ಹೊರಟ. ಇಬ್ಬರ ಟಿಕೆಟ್ಟು, ಇಬ್ಬರ ಕೂಲಿ, ಹೋಟೆಲಿನ ಊಟ. ಅಂದು ಡಾಕ್ಟರು ಆಪರೇಷನ್‌ನಲ್ಲಿದ್ದರು. ಮತ್ತೆ ಹೋದಾಗ ಯಂತ್ರ ಕೆಟ್ಟಿತ್ತು, ಹೊರಗೆ ಸ್ಕ್ಯಾನಿಂಗ್ ಮಾಡಿಸಿಕೊಂಡು ಬನ್ನಿ ಎಂದರಂತೆ. ಅದರ ಮುಂದಿನ ತಾರೀಕಿಗೆ ಸರಿಯಾಗಿ ಅವಳಿಗೆ ಮುಟ್ಟು ಬಂತು, ಆ ದಿನಗಳಲ್ಲಿ ಈ ಪರೀಕ್ಷೆ ಆಗುವುದಿಲ್ಲ. ನಾನು ಮನೆಗೆ ಹೋಗಿ ಒತ್ತಾಯ ಮಾಡಿದರೆ, "ಇನ್ನ ಎಷ್ಟ ಸಲ ಅಡ್ಯಾಡ್ಲಿ ಹೇಳ್ರಿ ಅಕ್ಕಾರ? ನನಗೇನೂ ತ್ರಾಸಿಲ್ಲ, ಆರಾಮ ಅದೀನಿ" ಎಂದು ಹೊಲಕ್ಕೆ ಹೊರಟಳು. ನೋವೇ ಇಲ್ಲದ ಕಾಯಿಲೆಗೆ ಇಷ್ಟು ಖರ್ಚು ಮಾಡು ಎಂದು ಯಾವ ಬಾಯಿಂದ ಹೇಳುವುದು? ಕೆಲವು ವರ್ಷಗಳ ಮೇಲೆ ರಕ್ತಸ್ರಾವ ಶುರುವಾಯಿತು. ಆಗ ಸರಕಾರದ ಆರೋಗ್ಯ ಕಾರ್ಡಿನಲ್ಲಿ ಚಿಕಿತ್ಸೆಯ ಬಿಲ್ಲು ಪಾಸಾಯಿತು. ಅವಳು ಉಳಿಯಲಿಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗಿನ ಚಿಕಿತ್ಸೆಯ ಹೊಣೆ ಹೊರುವ ಸರಕಾರ, ಆರಂಭದಲ್ಲೇ ಅವಳ ಮೂರು ನಾಲ್ಕು ದಿನದ ಕೂಲಿಯನ್ನು ತುಂಬಿಕೊಡಲಾರದೇ?

ಅಂಜಿಕೆಯ ವಿಷಯವನ್ನೂ ಬಿಡುವಂತಿಲ್ಲ. ಮನೆಮನೆಗೆ ಫಾರ್ಮ್ ತುಂಬಲು ಹೋಗುವ ಆಶಾ ಕಾರ್ಯಕರ್ತೆ ಕೇಳಬೇಕಾದ ಪ್ರಶ್ನೆಗಳಲ್ಲಿ, ಗಂಡನ ಜೊತೆ ಕೂಡಿದ ಮೇಲೆ ರಕ್ತ ಹೋಗುತ್ತದೆಯೇ ಎಂಬುದೂ ಒಂದು. ಕೇಳುವುದು ಪಡಸಾಲೆಯಲ್ಲಿ, ಅತ್ತೆ ಪಕ್ಕದಲ್ಲಿ ಕುಳಿತಿರುವಾಗ. ಯಾವ ಸೊಸೆ ಹೌದು ಎಂದಾಳು? 'ಇಲ್ಲ' ಎಂದು ಗುರುತು ಹಾಕಿಕೊಂಡು ಆಶಾ ಮುಂದಿನ ಮನೆಗೆ ಹೋಗುತ್ತಾಳೆ. ಅದಕ್ಕಿಂತ ದೊಡ್ಡ ಅಂಜಿಕೆ ಇನ್ನೊಂದಿದೆ. ನನ್ನನ್ನು ಎಷ್ಟೋ ಜನ ನೇರವಾಗಿ ಕೇಳಿದ್ದಾರೆ, "ತಪಾಸಣೆ ಅಂತ ಕರದು ಚೀಲ ತಗದಬಿಡ್ತಾರೇನ್ರಿ?" ನಮ್ಮ ರಾಜ್ಯದಲ್ಲೇ ಲಂಬಾಣಿ ತಾಂಡಾಗಳ ಎಳೆ ವಯಸ್ಸಿನ ಹೆಂಗಸರಿಗೆ ಬೇಡದಿದ್ದರೂ ಗರ್ಭಕೋಶ ತೆಗೆದದ್ದು ಬಯಲಾಗಿರುವಾಗ ಈ ಪ್ರಶ್ನೆಯನ್ನು ಮೂಢತನ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಆರಂಭದ ಮಚ್ಚೆಗಳಲ್ಲಿ ಹೆಚ್ಚಿನವಕ್ಕೆ ಗರ್ಭಕೋಶ ತೆಗೆಯಬೇಕಾಗಿಯೇ ಇಲ್ಲ. ಕೈಯಲ್ಲಿ ಹಿಡಿಯುವಂಥ ಸಣ್ಣ ಉಪಕರಣದಿಂದ ಒಂದೆರಡು ನಿಮಿಷದೊಳಗೆ ಆ ಭಾಗವನ್ನು ಬಿಸಿಯಲ್ಲಿ ಸುಡಬಹುದು, ಬ್ಯಾಟರಿಯಲ್ಲೂ ನಡೆಯುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದಿದ್ದು, ತರಬೇತಾದ ಒಬ್ಬರಿದ್ದರೆ, ಅನೇಕರಿಗೆ ಅದೇ ದಿನ ಚಿಕಿತ್ಸೆ ಮುಗಿದು ಸಂಜೆಗೆ ಮನೆ ಸೇರುತ್ತಾರೆ.

ಎಚ್‌ಪಿವಿ ಪರೀಕ್ಷೆ ಇನ್ನೂ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ ಈಗ ಅದನ್ನೇ ಮೊದಲ ಆಯ್ಕೆಯಾಗಿ ಹೇಳುತ್ತದೆ. ಮೆತ್ತನೆಯ ತುದಿಯ ಕಡ್ಡಿಯಿಂದ ಹೆಂಗಸು ತಾನೇ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಮಾದರಿ ತೆಗೆದು ಕೊಡಬಹುದು. ಚಿಲಕವಿಲ್ಲದ ಕೋಣೆ, ಹರಿದ ಪರದೆ, ಬಾಗಿಲಲ್ಲಿ ಇಣುಕುವ ಜನ, ಇದಾವುದೂ ಇಲ್ಲ. ಖಾಸಗಿ ಲ್ಯಾಬಿನಲ್ಲಿ ಈ ಪರೀಕ್ಷೆಗೆ ಸಾವಿರ ರೂಪಾಯಿ ದಾಟುತ್ತದೆ, ನಮ್ಮವರ ಕೈಗೆಟುಕುವ ಮಾತಲ್ಲ. ಆದರೆ ಕ್ಷಯದ ಕಫ ಪರೀಕ್ಷೆಗೆಂದು ಎಷ್ಟೋ ಸರಕಾರಿ ಆಸ್ಪತ್ರೆಗಳಲ್ಲಿ ಟ್ರೂನ್ಯಾಟ್ ಯಂತ್ರವಿದೆ. ನಮ್ಮ ದೇಶದಲ್ಲೇ ತಯಾರಾಗುವ ಅದೇ ಯಂತ್ರಕ್ಕೆ ಎಚ್‌ಪಿವಿ ಪತ್ತೆಯ ಚಿಪ್ ಕೂಡ ಬಂದಿದೆ. ಆ ಚಿಪ್ ಅನ್ನು ಸರಕಾರವೇ ಕೊಂಡು ಕೊಟ್ಟರೆ ಉಳಿದದ್ದನ್ನು ಆಶಾ ಮತ್ತು ಲ್ಯಾಬ್ ಟೆಕ್ನಿಷಿಯನ್ ನಡೆಸಿಕೊಂಡು ಹೋಗುತ್ತಾರೆ. ಹೆಣ್ಣುಮಕ್ಕಳಿಗೆ ಈ ವೈರಸ್ ತಡೆಯುವ ಲಸಿಕೆ ಕೊಡುವುದು ಸಂತೋಷ, ಅದು ಎಲ್ಲರಿಗೂ ಸಿಗಲೇಬೇಕು. ಆದರೆ ಇಂದು ನಲವತ್ತು ದಾಟಿರುವ ಅವರ ತಾಯಂದಿರನ್ನು ಲಸಿಕೆ ಕಾಯುವುದಿಲ್ಲ.

ಜಿಲ್ಲೆಯ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟು. ಶಿಬಿರವನ್ನು ಸುಗ್ಗಿ ಮುಗಿದ ಮೇಲೆ, ಮಿರಗದ ಮಳೆ ಬೀಳುವ ಮುಂಚೆ ಮೇ ತಿಂಗಳಲ್ಲಿ ಇಡಿ. ಒಂದೇ ದಿನ ಮಾಡದೆ ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಅದೇ ಊರಿಗೆ ಬನ್ನಿ, ಮುಟ್ಟಾದವರು ಆಗ ಬರುತ್ತಾರೆ. ಹೆರಿಗೆಗೆ ಆಸ್ಪತ್ರೆಗೆ ಬಂದವರಿಗೆ ಜನನಿ ಸುರಕ್ಷಾ ಹಣ ಕೊಡುತ್ತೇವೆ, ಕ್ಷಯ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು ಖಾತೆಗೆ ಹಣ ಹಾಕುತ್ತೇವೆ. ಹಾಗೆಯೇ, ಮಚ್ಚೆ ಕಂಡು ಮುಂದಿನ ಪರೀಕ್ಷೆಗೆ ಹೋಗುವವಳಿಗೆ ಮತ್ತು ಜೊತೆಗೆ ಹೋಗುವ ಒಬ್ಬರಿಗೆ ಆ ದಿನದ ಕೂಲಿ ಕೊಡಿ. ಹೋಗುವ ಮುಂಚೆ ಡಾಕ್ಟರು ಇದ್ದಾರೆಯೇ, ಯಂತ್ರ ನಡೆಯುತ್ತಿದೆಯೇ ಎಂದು ಆಸ್ಪತ್ರೆಗೆ ಫೋನ್ ಮಾಡಿ ಕೇಳಿ ಅವಳಿಗೆ ತಿಳಿಸುವ ಹೊಣೆಯನ್ನು ತಾಲ್ಲೂಕು ಮಟ್ಟದಲ್ಲಿ ಒಬ್ಬರಿಗೆ ವಹಿಸಿ, ಅವರ ನಂಬರನ್ನು ಚೀಟಿಯ ಮೇಲೆಯೇ ಬರೆದುಕೊಡಿ.

– ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ಬ್ಯಾಡಗಿ ತಾಲ್ಲೂಕು