ರೈಫಲ್ ಗುಂಡಿನ ಬಲವನ್ನು ಅಗಲವೊಂದೇ ಹೇಳುವುದಿಲ್ಲ

ಮಾನ್ಯ ಸಂಪಾದಕರೇ,

ಸೇನೆಯ ಹೊಸ ರೈಫಲ್‌ಗಳ ಕುರಿತು ತಮ್ಮ ಪತ್ರಿಕೆಯಲ್ಲಿ ಕಳೆದ ವಾರ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. 5.56 ಮಿ.ಮೀ.ಗಿಂತ 7.62 ಮಿ.ಮೀ. ದೊಡ್ಡದಾದ್ದರಿಂದ ಅದೇ ಬಲಶಾಲಿ ಎಂದು ಹೇಳಿ, ಎಕೆ-203 ಮತ್ತು ಸಿಗ್-716 ರೈಫಲ್‌ಗಳು ಒಂದೇ ಗುಂಡನ್ನು ಹಾರಿಸುತ್ತವೆ ಎಂಬ ಅರ್ಥ ಬರುವಂತೆ ಅದರಲ್ಲಿ ಬರೆಯಲಾಗಿದೆ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರದಲ್ಲಿ ತರಬೇತಿ ಪಡೆದು, ಇಪ್ಪತ್ತೆರಡು ವರ್ಷ ಪದಾತಿ ದಳದಲ್ಲಿದ್ದು, ಅದರಲ್ಲಿ ಹಲವು ವರ್ಷ ಹುಡುಗರಿಗೆ ಗುರಿ ಹಿಡಿಯುವುದನ್ನು ಕಲಿಸಿದ ನಾನು ಇದನ್ನು ತಿದ್ದದೆ ಸುಮ್ಮನಿರಲಾರೆ.

ನಾವು ಕನ್ನಡದಲ್ಲಿ ಕಾಡತೂಸನ್ನೂ ಅದರ ತುದಿಯಿಂದ ಹಾರುವ ಲೋಹದ ತುಂಡನ್ನೂ ‘ಗುಂಡು’ ಎಂದೇ ಕರೆಯುವುದರಿಂದ ಈ ಗೊಂದಲ ಹುಟ್ಟುತ್ತದೆ. 7.62 ಎಂಬುದು ನಳಿಗೆಯ ಒಳಗಿನ ಅಗಲ ಮಾತ್ರ. ಎಕೆ-203ರ ಕಾಡತೂಸಿನ ಹಿಂಬದಿಯ ಕೋಶ, ಅಂದರೆ ಸಿಪಾಯಿಗಳು ‘ಖೋಖಾ’ ಎನ್ನುವ ಭಾಗ, 39 ಮಿ.ಮೀ. ಉದ್ದವಿದ್ದರೆ ಸಿಗ್-716ರದು 51 ಮಿ.ಮೀ. ಉದ್ದವಿರುತ್ತದೆ; 7.62×39, 7.62×51 ಎಂದು ಬರೆಯುವಾಗ ಎರಡನೆಯ ಅಂಕಿ ಈ ಉದ್ದವೇ. ಎರಡನೆಯದರಲ್ಲಿ ಮದ್ದು ಹೆಚ್ಚುಕಡಿಮೆ ಎರಡು ಪಟ್ಟು ತುಂಬುತ್ತದೆ. ಒಂದರ ಕಾಡತೂಸು ಇನ್ನೊಂದಕ್ಕೆ ಹೊಂದುವುದಿಲ್ಲ.

ನಾನು ಸೇರಿದಾಗ ನಮ್ಮ ಕೈಯಲ್ಲಿದ್ದದ್ದು 7.62×51 ಕಾಡತೂಸು ಹಾರಿಸುವ ರೈಫಲ್, ಎಸ್‌ಎಲ್‌ಆರ್. ಅದರ ಒಂದು ಕಾಡತೂಸು ಸುಮಾರು 24 ಗ್ರಾಂ ತೂಗುತ್ತಿತ್ತು. ಹೊಸ ಹುಡುಗರು ಮೊದಲ ದಿನದ ಫೈರಿಂಗ್ ಮುಗಿಸಿ, ಖೋಖಾಗಳನ್ನು ಒಂದೊಂದಾಗಿ ಹೆಕ್ಕಿ ಎಣಿಸಿ ಒಪ್ಪಿಸುವಾಗ, ಬಲಭುಜವನ್ನು ಎಡಗೈಯಲ್ಲಿ ಒತ್ತಿಕೊಂಡೇ ಬಗ್ಗುತ್ತಿದ್ದರು. ಅಂಗಿ ಬಿಚ್ಚಿದರೆ ಅಲ್ಲಿ ನೀಲಿಗಟ್ಟಿರುತ್ತಿತ್ತು. ಮರುದಿನ ಅದೇ ಹುಡುಗ ಒದೆತಕ್ಕೆ ಹೆದರಿ, ಕುದುರೆ (ಟ್ರಿಗರ್) ಎಳೆಯುವ ಮೊದಲೇ ಕಣ್ಣು ಮುಚ್ಚಿ ಗುರಿ ತಪ್ಪುತ್ತಿದ್ದ. ಮುಂದೆ ಇನ್ಸಾಸ್ ರೈಫಲ್ ಬಂತು; ಅದರ 5.56 ಕಾಡತೂಸಿನ ತೂಕ ಹಳೆಯದರ ಅರ್ಧ, ಒದೆತವೂ ಹಗುರ, ಹೀಗಾಗಿ ಹುಡುಗರ ಗುರಿ ಸುಧಾರಿಸಿತು. ಆದರೆ ದೂರ ಹೆಚ್ಚಿದಂತೆ, ಅದರಲ್ಲೂ ಅಡ್ಡಗಾಳಿ ಇದ್ದ ದಿನ, ಆ ಸಣ್ಣ ಗುಂಡು ಬಲವನ್ನೂ ದಾರಿಯನ್ನೂ ಕಳೆದುಕೊಳ್ಳುತ್ತಿತ್ತು.

5.56 ಮತ್ತು 7.62ರ ನಡುವೆ, 6.5ರಿಂದ 7 ಮಿ.ಮೀ.ವರೆಗಿನ ಅಳತೆಯಲ್ಲಿ, ಒಂದು ಉತ್ತಮ ಜಾಗವಿದೆ ಎಂಬುದು ನೂರು ವರ್ಷಕ್ಕೂ ಹಳೆಯ ಅರಿವು. ಜೋಳದ ಹೊಲದಲ್ಲಿ ಕವಣೆಯಿಂದ ಬೀಸಿದ ಉರುಟು ಕಲ್ಲು ಬೇಗ ಸೋಲುತ್ತದೆ, ಸಪೂರವಾದ ಬಾಣವು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಮಧ್ಯಮ ಅಳತೆಯ ಉದ್ದನೆಯ ಗುಂಡಿನ ಗುಣವೂ ಅದೇ. ಜರ್ಮನಿಯ 7×57 ಮೌಸರ್ ಕಾಡತೂಸು 1892ರದು, ಸ್ವೀಡನ್‌ನ 6.5×55 ಅದರ ಬೆನ್ನಿಗೇ ಬಂದದ್ದು. ಚಂಪಾವತ್‌ನ ನರಭಕ್ಷಕ ಹುಲಿಯನ್ನು 1907ರಲ್ಲಿ ಕೊಂದ ಜಿಮ್ ಕಾರ್ಬೆಟ್ ಅವರಿಗೆ ಉಡುಗೊರೆಯಾಗಿ ಬಂದ .275 ರಿಗ್ಬಿ ರೈಫಲ್ (ಚುಕ್ಕಿಯಿಂದ ಶುರುವಾಗುವ ಇಂಥ ಅಂಕಿಗಳು ಇಂಚಿನ ಅಳತೆ) ಹಾರಿಸುತ್ತಿದ್ದದ್ದು ಇದೇ 7×57 ಕಾಡತೂಸನ್ನು. ಬ್ರಿಟಿಷರು 1951ರಲ್ಲಿ 7 ಮಿ.ಮೀ.ನ ಹೊಸ ಸೇನಾ ರೈಫಲ್ ಒಂದನ್ನು ಒಪ್ಪಿಕೊಂಡಿದ್ದರೂ ಅಮೆರಿಕದ ಹಟಕ್ಕೆ ಮಣಿದು ಅದನ್ನು ಕೈಬಿಟ್ಟರು. ಅದೇ ಅಮೆರಿಕ 2022ರಲ್ಲಿ ತನ್ನ ಪದಾತಿಗಳಿಗಾಗಿ 6.8 ಮಿ.ಮೀ. ಕಾಡತೂಸಿನ ರೈಫಲನ್ನು ಆರಿಸಿಕೊಂಡಿತು.

ಗುಣವಿದ್ದ ಮಾತ್ರಕ್ಕೆ ಮಾರುಕಟ್ಟೆ ಒಲಿಯುವುದಿಲ್ಲ ಎಂಬುದಕ್ಕೂ ಈ ಅಳತೆಯೇ ಸಾಕ್ಷಿ. 1997ರಲ್ಲಿ ಅಮೆರಿಕದಲ್ಲಿ ಬಂದ .260 ರೆಮಿಂಗ್ಟನ್ ಎಂಬ 6.5 ಮಿ.ಮೀ. ಕಾಡತೂಸಿಗೂ, 2007ರಲ್ಲಿ ಹಾರ್ನಡಿ ಕಂಪನಿ ತಂದ 6.5 ಕ್ರೀಡ್‌ಮೂರ್‌ಗೂ ಬಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ಮೊದಲನೆಯದರ ಕೋಶ ತುಸು ಉದ್ದವಾದ್ದರಿಂದ, ಉದ್ದನೆಯ ಗುಂಡು ಕೂರಿಸಿದಾಗ ಸಾಮಾನ್ಯ ಮ್ಯಾಗಝಿನ್‌ನಲ್ಲಿ ಇಕ್ಕಟ್ಟಾಗುತ್ತಿತ್ತು. ಎರಡನೆಯದನ್ನು ಗಿಡ್ಡ ಕೋಶದೊಂದಿಗೆ, ಗುರಿ ಸ್ಪರ್ಧೆಯನ್ನೇ ಲಕ್ಷ್ಯದಲ್ಲಿಟ್ಟು ರೂಪಿಸಿ, ಒಳ್ಳೆಯ ಕಾರ್ಖಾನೆ ಕಾಡತೂಸನ್ನೂ ಅಂಗಡಿಗೆ ತಂದರು. ಸ್ಪರ್ಧಿಗಳು ಅದನ್ನು ಮೆಚ್ಚಿದ ಮೇಲೆ ಬೇಟೆಗಾರರು ಹಿಂಬಾಲಿಸಿದರು. ಅದರ ನಳಿಗೆ 7.62×51ಕ್ಕೆ ಸಾಟಿಯಾದ .308ರ ನಳಿಗೆಗಿಂತ ಬೇಗ ಸವೆಯುತ್ತದೆ ಎಂಬುದನ್ನೂ ಒಪ್ಪಬೇಕು. ಆದರೂ ಕಡಿಮೆ ಒದೆತದಲ್ಲಿ ಅಷ್ಟು ದೂರ ನೆಟ್ಟಗೆ ಹೋಗುವ ಕಾಡತೂಸು ನನ್ನ ಲೆಕ್ಕದಲ್ಲಿ ಆ ಖರ್ಚಿಗೆ ತಕ್ಕದ್ದೇ.

ನಮ್ಮಲ್ಲಿ ಪರವಾನಗಿ ಉಳ್ಳವರ ಮನೆಯ ರೈಫಲ್ ಎಂದರೆ ಸಾಮಾನ್ಯವಾಗಿ .315. ಸೇನೆಯ ಅಳತೆಗಳು ಜನಸಾಮಾನ್ಯರಿಗೆ ನಿಷಿದ್ಧವಾದ್ದರಿಂದ, ಸೇನೆಯ ಕಾಡತೂಸು ಕೂರದಂತೆ ಬ್ರಿಟಿಷರ ಕಾಲದಲ್ಲಿ ಬಳಕೆಗೆ ಬಂದ ಅಳತೆ ಅದು. ಅದರ ಜನಪ್ರಿಯತೆ ಕಾನೂನು ಕೊಟ್ಟದ್ದೇ ಹೊರತು ಗುಣದಿಂದ ಬಂದದ್ದಲ್ಲ. ದೂರದ ಗುರಿಯನ್ನು ಅಭ್ಯಾಸ ಮಾಡಬೇಕೆನ್ನುವ ನಮ್ಮ ಭಾಗದ ಹುಡುಗ ಹುಡುಗಿಯರಿಗೆ ಅದು ಸಾಲದು. ಸರ್ಕಾರಿ ಕಾರ್ಖಾನೆಗಳಲ್ಲಿ ತಯಾರಾದ 6.5 ಮಿ.ಮೀ. ಕಾಡತೂಸು ಕ್ರೀಡಾ ಪರವಾನಗಿಯ ಮೇಲೆ ಕೈಗೆಟಕುವ ಬೆಲೆಗೆ ಅವರಿಗೆ ದೊರೆಯುವಂತಾಗಬೇಕು ಎಂಬುದು ನನ್ನ ಕಳಕಳಿಯ ಮನವಿ.

ತಮ್ಮಲ್ಲಿ ಇನ್ನೊಂದು ವಿನಂತಿ. ಮುಂದೆ ರೈಫಲ್ ಬಗ್ಗೆ ಬರೆಯುವಾಗ ‘7.62’ ಎಂದಷ್ಟೇ ಬರೆದು ಬಿಡದೆ, 7.62×39 ಅಥವಾ 7.62×51 ಎಂದು ಕೋಶದ ಉದ್ದವನ್ನೂ ದಯವಿಟ್ಟು ಮುದ್ರಿಸಿ. ಸೇನಾ ಭರ್ತಿಗೆ ಓದುತ್ತಿರುವ ನಮ್ಮೂರಿನ ಹುಡುಗರು ತಮ್ಮ ಪತ್ರಿಕೆಯ ಆ ಪುಟವನ್ನು ಕತ್ತರಿಸಿ ನೋಟ್‌ಬುಕ್ಕಿನಲ್ಲಿ ಅಂಟಿಸಿಕೊಳ್ಳುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಹವಾಲ್ದಾರ, ಬೆಳಗಾವಿ ತಾಲ್ಲೂಕು