ದೇವರ ಡಿಪಾರ್ಟ್‌ಮೆಂಟಿನಿಂದ

ದೋಸ್ತ,

ಫೋನ್ ಮಾಡಿದರೆ ಎತ್ತುವುದಿಲ್ಲ. ವಾಟ್ಸಾಪ್ ಮಾಡಿದರೆ ಎರಡು ದಿನ ಬಿಟ್ಟು ಹೆಬ್ಬೆರಳು ತೋರಿಸುತ್ತೀಯ. ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ. ನಾಲ್ಕು ಮಂದಿ ನೋಡುತ್ತಿದ್ದರೆ ನಿನಗೆ ಉತ್ತರ ಕೊಡುವಷ್ಟು ಮರ್ಯಾದೆ ಬರುತ್ತದೆ, ಹಳೆಯ ಅನುಭವ. ಹೆದರಬೇಡ, ಗದಗ ಸ್ಟೇಷನ್ನಿನ ವಿಷಯ ಎತ್ತುವುದಿಲ್ಲ.

ಕೆಲಸ ಹೇಗಿದೆ ಅಂತ ನೀನು ಕೇಳಿದ್ದೆ. ಹುಬ್ಬಳ್ಳಿಯ ಈ ಆಸ್ಪತ್ರೆಯಲ್ಲಿ ನನ್ನ ಕೆಲಸಕ್ಕೆ ಇನ್ನೂ ಒಂದು ಕನ್ನಡ ಹೆಸರು ಸಿಕ್ಕಿಲ್ಲ. ರೋಗಿಗಳ ಪಕ್ಕ ಕೂತು ಅವರವರ ದೇವರ ಆಸರೆ ಕೊಡಿಸುವ ಕೆಲಸ. ಇಂಗ್ಲಿಷಿನಲ್ಲಿ ಹೇಳುವ ಹಾಗೆ ‘ಚಾಪ್ಲೇನ್’ ಅಂದರೆ ವಾರ್ಡ್ ಹುಡುಗರು ಚಾರ್ಲಿ ಚಾಪ್ಲಿನ್ ಥರ ನಡೆದು ತೋರಿಸುತ್ತಾರೆ. ಸಿಸ್ಟರ್‌ಗಳು ಸುಮ್ನೆ ‘ದೇವರ ಡಿಪಾರ್ಟ್‌ಮೆಂಟ್’ ಅನ್ನುತ್ತಾರೆ. ಟೀಮಿನಲ್ಲಿ ಒಬ್ಬ ಅಯ್ಯನವರು, ಒಬ್ಬ ಮೌಲ್ವಿ ಸಾಹೇಬರು, ಒಬ್ಬ ಪಾಸ್ಟರ್, ಣಮೋಕಾರ ಮಂತ್ರ ಹೇಳುವ ಒಬ್ಬ ಜೈನ ಅಜ್ಜಿ. ಇವರಿಗೆಲ್ಲ ನಾನು ಲೀಡರ್. ನಗು, ನಗು.

ಲೀಡರ್ ಅಂದರೆ ಡ್ಯೂಟಿ ಚಾರ್ಟ್ ಬರೆಯುವವನು ಅಷ್ಟೇ. ಶುಕ್ರವಾರ ಮಧ್ಯಾಹ್ನ ಮೌಲ್ವಿ ಸಿಗುವುದಿಲ್ಲ, ಭಾನುವಾರ ಬೆಳಗ್ಗೆ ಪಾಸ್ಟರ್ ಸಿಗುವುದಿಲ್ಲ. ಈಗ ಶ್ರಾವಣ, ಸೋಮವಾರ ಅಯ್ಯನವರ ಫೋನೇ ಬಂದ್. ಅಜ್ಜಿ ಹೊತ್ತು ಮುಳುಗುವ ಮುಂಚೆ ಊಟಕ್ಕೆ ಮನೆ ಸೇರಬೇಕು. ಉಳಿದದ್ದು ನನ್ನ ಪಾಲು.

ಐಸಿಯುದ ಕಿರಿಕಿರಿ ಬೇರೆಯೇ. ಆಕ್ಸಿಜನ್ ಇರುವ ಕಡೆ ಊದಿನಕಡ್ಡಿ ಹಚ್ಚುವಂತಿಲ್ಲ, ದೀಪ ಕೇಳಲೇಬೇಡ. ವೆಂಟಿಲೇಟರ್ ಹಾಕಿದವರ ಬಾಯಿಗೆ ಗಂಗಾಜಲ ಬಿಡುವಂತಿಲ್ಲ, ಸಿಸ್ಟರ್ ಹತ್ತಿಯಲ್ಲಿ ಅದ್ದಿ ತುಟಿಗೆ ಮುಟ್ಟಿಸುತ್ತಾಳೆ. ಆಮೇಲೆ ದಿಕ್ಕಿನ ಜಗಳ. ಪೈಪು ಯಾವ ಗೋಡೆಗಿದೆಯೋ ತಲೆ ಆ ಗೋಡೆಗೆ. ಎಡಗಡೆ ಸಾಲಿನವರ ತಲೆ ಸರಿಯಾಗಿ ಉತ್ತರಕ್ಕೆ. ಮನೆಯವರು ಹೌಹಾರುತ್ತಾರೆ. ಅತ್ತ ಮುಸಲ್ಮಾನರಿಗೆ ಮುಖ ಪಶ್ಚಿಮಕ್ಕೆ ಇರಬೇಕು. ಹಾಸಿಗೆ ತಿರುಗಿಸಿದರೆ ಪೈಪ್ ಕಿತ್ತು ಬರುತ್ತದೆ. ‘ಕಷ್ಟ ಆಗೋದಿದ್ರ ಹೆಂಗದಾರ ಹಂಗಽ ಬಿಡ್ರಿ, ಶರಿಯತ್ತನ್ಯಾಗ ಅದಕ್ಕ ಅಡ್ಡಿ ಇಲ್ಲ’ ಅಂದರು ಮೌಲ್ವಿ. ಅಯ್ಯನವರು ಕೂಡಲೇ ‘ನಮ್ಮಲ್ಲೂ ಹಂಗಽ’ ಅಂದರು. ನಿಜವಾಗಿ ಹಾಗೆ ಇದೆಯೋ ಅಥವಾ ಸಾಹೇಬರಿಗಿಂತ ಹಿಂದೆ ಬೀಳಬಾರದು ಅಂತ ಅಂದರೋ, ಶಿವನಿಗೇ ಗೊತ್ತು.

ಸೌಹಾರ್ದ ಅಂದರೆ ನಮ್ಮಲ್ಲಿ ಇಷ್ಟೇ. ಜೊತೆಗೆ ಫ್ಯಾನಿನ ಸ್ವಿಚ್ಚಿನ ಜಗಳ ಒಂದಿದೆ. ನೋಡಲು ಬರುವ ದೊಡ್ಡವರು ಮಾತ್ರ ಐವರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿಕೊಂಡು, ಶಿಶುನಾಳ ಶರೀಫರನ್ನೂ ಗೋವಿಂದಭಟ್ಟರನ್ನೂ ನೆನೆಸಿ, ಗಿರಮಿಟ್ಟು ತಿಂದು ಹೋಗುತ್ತಾರೆ. ಶರೀಫಜ್ಜ ಹೋದದ್ದು 1889ರಲ್ಲಿ. ಇನ್ನೂ ಪಾಪ, ಅವರನ್ನೇ ದುಡಿಸುತ್ತಿದ್ದೇವೆ.

ಇರಲಿ. ಹೇಳಬೇಕಾದ್ದು ಬೇರೆ ಇತ್ತು.

ನೀನು ಕಳಿಸಿದ್ದೆಯಲ್ಲ, ಆಂಟನ್ ಬಾಯ್ಸನ್ ಅನ್ನುವ ಅಮೆರಿಕದ ಪಾದ್ರಿಯ ಕಥೆ? 1920ರಲ್ಲಿ ಅವನನ್ನೇ ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದರು. ಹೊರಗೆ ಬಂದವನು 1925ರಲ್ಲಿ ಇನ್ನೊಂದು ಮಾನಸಿಕ ಆಸ್ಪತ್ರೆಯಲ್ಲಿ ಪಾದ್ರಿಯಾಗಲಿರುವ ಹುಡುಗರನ್ನು ರೋಗಿಗಳ ಪಕ್ಕ ಕೂರಿಸಿ ಪಾಠ ಶುರು ಮಾಡಿದ. ಈ ಮನುಷ್ಯರೇ ನಿಮ್ಮ ಪುಸ್ತಕ, ಓದಿ ಅಂದ. ನಾನೂ ಟೀಮಿಗೆ ಮೊದಲ ದಿನವೇ ಇದನ್ನು ಹೇಳಿದ್ದೆ. ಉತ್ತರ ಕೊಡಲು ಹೋಗಬೇಡಿ, ಕೇಳಿಸಿಕೊಳ್ಳಿ. ಸಮಾಧಾನಕ್ಕಂತ ನೀವು ನಂಬದ ಮಾತು ಆಡಬೇಡಿ. ಬೋರ್ಡಿನ ಮೇಲೆ ಬರೆದು ಎರಡು ಗೆರೆ ಎಳೆದಿದ್ದೆ.

ಕಳೆದ ವಾರ ಬ್ಯಾಡಗಿ ಕಡೆಯ ಒಬ್ಬ ಅಜ್ಜ ಇದ್ದರು. ಫಾರ್ಮಿನಲ್ಲಿ ಧರ್ಮದ ಎದುರು ಮಗ ‘ಒಕ್ಕಲುತನ’ ಅಂತ ಬರೆದಿದ್ದ. ನಾನು ತಿದ್ದಲಿಲ್ಲ. ರಾತ್ರಿ ಒಂದೂವರೆ, ಹೊರಗೆ ಜಿಟಿಜಿಟಿ ಮಳೆ. ಅಯ್ಯನವರನ್ನು ಕರೆಸಲಾ ಅಂದೆ. ‘ಬ್ಯಾಡ್ರಿ, ಮಲಗಿರ್ತಾರ’ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ಮುಖ ತಿರುಗಿಸಿ ಕೇಳಿದರು: ‘ಸರ, ಅಂವ ಅದಾನಲ್ರೀ?’

‘ನಿಮಗ ಏನ ಅನಸ್ತದ್ರಿ?’ ಅಂತ ತಿರುಗಿ ಕೇಳಬೇಕಿತ್ತು. ಅದೇ ಪಾಠ. ನಾನು ‘ಅದಾನ್ರಿ’ ಅಂದೆ. ಹಾವೇರಿಗೆ ಕೊನೇ ಬಸ್ ಅದ ಏನ್ರಿ ಅಂದರೆ ಅದ ರೀ ಅನ್ನುತ್ತೇವಲ್ಲ, ಅಷ್ಟು ಸಲೀಸಾಗಿ. ‘ಹಂಗಾರ ಸಾಕು’ ಅಂದರು. ಆಮೇಲೆ ಮಳೆ ಜೋರದ ಏನು ಅಂತ ಕೇಳಿದರು.

ಬೆಳಗ್ಗೆ ಮಗ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತ. ಟೀಮಿನವರು ಚಹಾ ಕುಡಿಯುತ್ತ ನನ್ನನ್ನು ಹೊಗಳಿದರು.

ಅವ್ವ ಹೋದ ಮೇಲೆ ನಾನು ಕೈ ಮುಗಿದಿಲ್ಲ, ದೋಸ್ತ. ನಿನಗೂ ಹೇಳಿರಲಿಲ್ಲ. ಸಿದ್ಧಾರೂಢ ಮಠಕ್ಕೆ ಹೋಗುತ್ತೇನೆ, ನಿಜ. ಒಳಗೆ ‘ಓಂ ನಮಃ ಶಿವಾಯ’ ನಡೆದಿರುತ್ತದೆ, ನಾನು ಹೊಂಡದ ಕಟ್ಟೆಯ ಮೇಲೆ ಕೂತು, ಚಪ್ಪಲಿ ಕಾದುಕೊಂಡು, ಎದ್ದು ಬರುತ್ತೇನೆ. ಊರವರ ಹಾಸಿಗೆಗೆಲ್ಲ ದೇವರನ್ನು ಹಂಚುವವನು ನಾನು. ನನ್ನ ಹತ್ತಿರ ಸ್ಟಾಕ್ ಇಲ್ಲ.

ಸುಳ್ಳು ಹೇಳಿದೆ ಅಂತ ನಿದ್ದೆ ಕೆಟ್ಟಿದ್ದರೆ ಒಂದು ಮಾತು. ಹೇಳುವಾಗ ಅದು ಸುಳ್ಳು ಅನಿಸಲೇ ಇಲ್ಲ ನೋಡು. ಆ ಒಂದು ಕ್ಷಣ ನನಗೆ ಗೊತ್ತಿತ್ತು, ಗೋಡೆ ಗೊತ್ತಿರುವ ಹಾಗೆ. ಪಾರ್ಕಿಂಗಿನಲ್ಲಿ ಸ್ಕೂಟರಿಗೆ ಕಿಕ್ ಹೊಡೆಯುವಾಗ ಗೊತ್ತಿರಲಿಲ್ಲ. ಅಷ್ಟರಲ್ಲಿ ಎಲ್ಲಿ ಬೀಳಿಸಿದೆ? ಎರಡು ದಿನ ಅದೇ ಕಾರಿಡಾರಿನಲ್ಲಿ ಕಾರಣವಿಲ್ಲದೆ ಓಡಾಡಿದೆ. ಸಿಸ್ಟರ್ ‘ಏನ ಹುಡುಕಾಕತ್ತೀರಿ ಸರ’ ಅಂದಳು. ಕನ್ನಡಕ ಅಂದೆ. ಕನ್ನಡಕ ಮೂಗಿನ ಮೇಲೇ ಇತ್ತು.

ಟೀಮಿನ ನಾಲ್ವರಲ್ಲಿ ಯಾರಿಗೂ ಹೇಳಿಲ್ಲ. ಬೈಯುತ್ತಾರೆ ಅಂತ ಅಲ್ಲ, ನಾಲ್ವರೂ ಕ್ಷಮಿಸಿಬಿಡುತ್ತಾರೆ ಅಂತ ಭಯ.

ಅಯ್ಯೋ, ಪಾಸ್ಟರ್ ಇಲ್ಲೇ ನನ್ನ ಫ್ರೆಂಡ್ ಲಿಸ್ಟಿನಲ್ಲಿದ್ದಾರೆ ಅಂತ ಈಗ ನೆನಪಾಯಿತು. ಪಾಸ್ಟರೇ, ಇದನ್ನು ಓದಿದ್ದರೆ ದಯವಿಟ್ಟು ಲೈಕ್ ಒತ್ತಬೇಡಿ. ಈ ಭಾನುವಾರದ ಡ್ಯೂಟಿ ನಾನೇ ಮಾಡುತ್ತೇನೆ.

ದೋಸ್ತ, ನೀನು ಬರುವಾಗ ಪೇಢೆ ತರಬೇಡ. ಕಳೆದ ಸಲದ ಡಬ್ಬಿ ಏನಾಯಿತು ಅಂತ ಅಯ್ಯನವರು ಇನ್ನೂ ವಿಚಾರಣೆ ನಡೆಸಿದ್ದಾರೆ. ನಾನು ಅಜ್ಜಿಯ ಮೇಲೆ ಹಾಕಿದ್ದೇನೆ.

ನಿನ್ನ,
ಅರ್ಧ ಟಿಕೆಟ್