ಏಳು ಮಾದರಿ ಮಾಡಿ ಅಂದವರು ಯಾರು?

ಸಾಗರ

ಪ್ರೀತಿಯ ಕೂಸೇ,

ಮಾವನ ಆಶೀರ್ವಾದ. ನಾವೆಲ್ಲ ಕ್ಷೇಮ. ತೋಟಕ್ಕೆ ಎರಡನೇ ಸಲ ಕೊಳೆ ಔಷಧಿ ಹೊಡೆಯಬೇಕು. ಮಳೆ ಹೊಳವಾಗಲಿ ಅಂತ ಕಾಯುತ್ತಿದ್ದೇವೆ.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಲ್ಲೇ ಕೂತಿದೆ. ನಿನ್ನ ಸಾಫ್ಟ್‌ವೇರ್ ಕಂಪನಿಯಲ್ಲಿ ಈಗ 40 ಜನ. ಏನು ಮಾಡಬೇಕು, ಏನು ಬೇಡ ಅಂತ ತೀರ್ಮಾನಿಸಲು ಪ್ರಾಡಕ್ಟ್ ಮ್ಯಾನೇಜರ್ ಅಂತ ಒಬ್ಬರು ಬೇಕಾ ಬೇಡವಾ ಅಂತ ಜಗ್ಗಾಟ. "ಕೋಡ್ ಬರೆಯಲ್ಲ, ಮಾರಲ್ಲ, ಅವರಿಗೆ ಯಾಕೆ ಸಂಬಳ?" ಅಂತ ನಿನ್ನ ಹುಡುಗರು ಕೇಳುತ್ತಾರಂತೆ. ತಗೋ ಕೂಸೇ. ಈ ವರ್ಷವೇ ತಗೋ. ನನ್ನ ವರ್ಕ್‌ಶಾಪಿನ ಕಥೆ ನೀನು ಅರ್ಧ ಮಾತ್ರ ಕೇಳಿದ್ದೀಯ, ಉಳಿದರ್ಧ ಹೇಳುತ್ತೇನೆ.

ಅಡಿಕೆ ಸುಲಿಯುವ ಮೆಷಿನ್ ಮಾಡಲು ಶುರು ಮಾಡಿದಾಗ ನಾವು ಮೂರೇ ಜನ. ನಾನೇ ಮನೆಮನೆಗೆ ಹೋಗುತ್ತಿದ್ದೆ. ಮೆಟ್ಟುಗತ್ತಿಯಲ್ಲಿ ಸುಲಿಯುವವರ ಪಕ್ಕ ರಾತ್ರಿ ಹತ್ತರವರೆಗೆ ಕೂತು ನೋಡುತ್ತಿದ್ದೆ. ಕಾಯಿಯ ಗಾತ್ರ ನೋಡಿ ಅವರ ಕೈ ತಾನೇ ತಿರುಗುತ್ತದೆ. ಮೆಷಿನ್‌ಗೆ ಅದು ಗೊತ್ತಾಗಲ್ಲ. ಬ್ಲೇಡ್ ತಾಗಿ ಅಡಿಕೆಗೆ ಪೆಟ್ಟು ಬಿದ್ದರೆ ರೇಟೂ ಬಿತ್ತು. ಹಳ್ಳಿಮನೆಯಲ್ಲಿ ಸಿಂಗಲ್ ಫೇಸ್, ಅದರಲ್ಲೂ ಸಂಜೆ ವೋಲ್ಟೇಜ್ ಇರಲ್ಲ. ಇದೆಲ್ಲ ನನ್ನ ತಲೆಯಲ್ಲಿತ್ತು. ಏನು ಮಾಡಬೇಕು, ಏನು ಬೇಡ ಅಂತ ಯಾರನ್ನೂ ಕೇಳಬೇಕಿರಲಿಲ್ಲ.

22 ಜನ ಆಗುವಷ್ಟರಲ್ಲಿ ನಾನು ಬ್ಯಾಂಕು, ಟ್ಯಾಕ್ಸು, ಕಬ್ಬಿಣದ ರೇಟು ಅಂತ ಓಡಾಡುತ್ತಿದ್ದೆ. ತೋಟಗಳಿಗೆ ಹೋಗುವುದು ನಿಂತಿತ್ತು. ಚನ್ನಗಿರಿ ಕಡೆಯ ಖೇಣಿದಾರರು, ಅಂದರೆ ತೋಟದ ಫಸಲನ್ನೇ ಗುತ್ತಿಗೆ ಹಿಡಿಯುವವರು, ದೊಡ್ಡ ಮೆಷಿನ್ ಕೇಳಿದರು, ನಮ್ಮ ಸೇಲ್ಸ್ ಹುಡುಗ ಹೂಂ ಅಂದ. ಹೊಸನಗರದವರು ಮನೆಮಟ್ಟಿಗೆ ಚಿಕ್ಕದು ಕೇಳಿದರು, ಅದಕ್ಕೂ ಹೂಂ. ಶಿರಸಿಯವರಿಗೆ ಒಣಗಿದ ಚಾಲಿ ಸುಲಿಯುವುದು ಬೇಕಿತ್ತು. ನಾಲ್ಕು ವರ್ಷದಲ್ಲಿ ಏಳು ಮಾದರಿ. ಒಂದರ ಬೇರಿಂಗ್ ಇನ್ನೊಂದಕ್ಕೆ ಕೂರಲ್ಲ. ಸುಲಿತದ ಭರದಲ್ಲಿ ಮೆಷಿನ್ ನಿಂತರೆ ಏನಾಗುತ್ತದೆ ಅಂತ ನಿನಗೆ ಗೊತ್ತು. ಹಸಿ ಅಡಿಕೆ ಅಂಗಳದಲ್ಲಿ ಬಿದ್ದಿರುತ್ತದೆ, ಅದು ಯಾರಿಗೂ ಕಾಯುವುದಿಲ್ಲ. ಬಿಡಿಭಾಗ ನಮ್ಮಲ್ಲೇ ಇರಲಿಲ್ಲ. ಒಂದು ರಾತ್ರಿ ಹಿರಿಯರೊಬ್ಬರು ಫೋನ್ ಮಾಡಿದರು. ಬೈಯಲಿಲ್ಲ. "ನಿಮ್ಮ ಮೆಷಿನ್ ನಂಬಿ ಸುಲಿಯುವವರಿಗೆ ಈ ವರ್ಷ ಬೇಡ ಅಂದಿದ್ದೆ" ಅಂದರು, ಅಷ್ಟೇ. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಮಾರನೇ ದಿನ ಎಲ್ಲರನ್ನೂ ಕೂರಿಸಿ ಕೇಳಿದೆ, ಏಳು ಮಾದರಿ ಮಾಡಿ ಅಂದವರು ಯಾರು? ಸೇಲ್ಸ್ ಹುಡುಗ ಗಿರಾಕಿ ಕೇಳಿದ್ದನ್ನು ತಂದಿದ್ದ. ಫಿಟ್ಟರ್ ಡ್ರಾಯಿಂಗಿನಲ್ಲಿ ಇದ್ದಂತೆ ಮಾಡಿದ್ದ. ನಾನು ಸಹಿ ಹಾಕಿದ್ದೆ. ಎಲ್ಲರ ಮಾತು ಕೇಳಿ, ತೂಗಿ, "ಇದು ಮಾಡೋಣ, ಅದು ಬೇಡ" ಅನ್ನುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ.

ಈ ಹುದ್ದೆ ಸಾಫ್ಟ್‌ವೇರ್‌ನವರ ಹೊಸ ಶೋಕಿ ಅಂತ ನಿನ್ನ ಹುಡುಗರು ತಿಳಿದಿದ್ದರೆ ತಪ್ಪು. 1931ರಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿ ನೀಲ್ ಮ್ಯಾಕೆಲ್‌ರಾಯ್ ಎಂಬ ಯುವಕ ಕ್ಯಾಮೇ ಸೋಪಿನ ಜಾಹೀರಾತು ನೋಡಿಕೊಳ್ಳುತ್ತಿದ್ದ. ಅದೇ ಕಂಪನಿಯ ಐವರಿ ಸೋಪಿನ ನೆರಳಲ್ಲಿ ಕ್ಯಾಮೇ ಸೊರಗಿತ್ತು. ಒಂದೊಂದು ಸೋಪಿಗೂ ಅದನ್ನೇ ಯೋಚಿಸುವ ಜನ ಬೇಕು, ಎಲ್ಲಿ ಮಾರಾಟ ಕಡಿಮೆಯೋ ಅಲ್ಲಿಗೇ ಹೋಗಿ ಕಾರಣ ತಿಳಿಯಬೇಕು ಅಂತ ಮೂರು ಪುಟ ಬರೆದು ಮೇಲಿನವರಿಗೆ ಕೊಟ್ಟ. ಕಂಪನಿ ಒಪ್ಪಿತು. ಈ ಹುದ್ದೆಯ ಬೇರು ಅಲ್ಲಿದೆ. ಅವನು ಮುಂದೆ ಆ ಕಂಪನಿಗೇ ಮುಖ್ಯಸ್ಥನಾದ.

ಈಗ ನಿನ್ನ ವಿಷಯ. ಹೋದ ವಾರ ಉಳಿಸಿಟ್ಟ ಅಡಿಕೆ ಮಾರಾಟಕ್ಕೆ ಹಾಕಲು ಬೆಳೆಗಾರರ ಸೊಸೈಟಿಗೆ ಹೋಗಿದ್ದೆ. ಅಲ್ಲಿನ ಗುಮಾಸ್ತೆ ಎಲ್ಲವನ್ನೂ ಮೊದಲು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಮಧ್ಯಾಹ್ನ ಅದನ್ನೇ ನಿಮ್ಮ ಸಾಫ್ಟ್‌ವೇರಿಗೆ ಹಾಕುತ್ತಾಳೆ. ಯಾಕಮ್ಮಾ ಅಂದೆ. ಸ್ಕ್ರೀನ್ ಮೊದಲು ಅಡಿಕೆ ಯಾವ ಬಗೆಯದು, ರಾಶಿಯಾ, ಬೆಟ್ಟೆಯಾ, ಗೊರಬಲಾ ಅಂತ ಕೇಳುತ್ತದಂತೆ. ಅಲ್ಲಿ ಮೊದಲು ಆಗುವುದು ಚೀಲದ ತೂಕ. ಒಂದು ವರ್ಷದಿಂದ ಅವಳು ಎರಡೆರಡು ಸಲ ಬರೆಯುತ್ತಿದ್ದಾಳೆ. ನಿಮ್ಮ 40 ಜನರಲ್ಲಿ ಇದು ಯಾರಿಗೆ ಗೊತ್ತಿರಬೇಕಿತ್ತು, ಹೇಳು?

ಕೆಲಸ ಯಾವಾಗ ಮುಗಿಯುತ್ತದೆ ಅಂತ ನೋಡಲು ನಿಮ್ಮಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಇದ್ದಾರೆ. ಇದನ್ನೂ ನೀವೇ ನೋಡಿಕೊಳ್ಳಿ ಅನ್ನಬೇಡ. ಯಾರಿಗಾಗಿ ಮಾಡುತ್ತೇವೆ, ಯಾಕೆ ಅನ್ನುವುದು ಬೇರೆಯೇ ಕೆಲಸ. ಪುರುಸೊತ್ತಾದಾಗ ಮಾಡುವಂಥದ್ದಲ್ಲ.

ತಗೊಂಡ ಮೇಲೆ ಅವರ 'ಬೇಡ'ಕ್ಕೆ ಬೆಲೆ ಕೊಡು. ಸೇಲ್ಸ್‌ನವರು ಅವರನ್ನು ದಾಟಿ ಬಂದು ನಿನ್ನಿಂದ ಹೂಂ ಅನ್ನಿಸಿಕೊಂಡರೆ ಮುಗಿಯಿತು, ಸಂಬಳ ದಂಡ. ನಿನಗೆ ಕಷ್ಟವಾಗುತ್ತದೆ, ಗೊತ್ತು. ಆ ಕೆಲಸ ನಿನಗೇ ಇಷ್ಟ. ನನಗೂ ಇಷ್ಟವಿತ್ತು. ನಮ್ಮಲ್ಲಿ ಒಬ್ಬ ಹುಡುಗ ಭಾನುವಾರವೂ ತೋಟ ಸುತ್ತಿ, ಯಾರ ಮೆಷಿನ್ ಯಾಕೆ ನಿಂತಿದೆ ಅಂತ ಒಂದು ಪುಸ್ತಕದಲ್ಲಿ ಬರೆಯುತ್ತಿದ್ದ. ಕೈ ಚೆನ್ನಾಗಿದೆ ಅಂತ ಅವನನ್ನು ಲೇತ್ ಮುಂದೆಯೇ ನಿಲ್ಲಿಸಿದೆ. ಎರಡು ವರ್ಷ ನೋಡಿ ಬಿಟ್ಟುಹೋದ. ಪುಸ್ತಕ ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದ. ನಾನು ಅದನ್ನು ಓದಿದ್ದು ವರ್ಕ್‌ಶಾಪ್ ಮುಚ್ಚಿದ ಮೇಲೆ.

ಹೊರಗೆ ಹುಡುಕುವ ಮೊದಲು ನಿಮ್ಮಲ್ಲೇ ನೋಡು. ಗಿರಾಕಿಗಳ ಫೋನ್ ತೆಗೆಯುವ ಹುಡುಗಿ ಪ್ರಶ್ನೆ ಜಾಸ್ತಿ ಕೇಳುತ್ತಾಳೆ ಅಂತ ನೀನು ಒಮ್ಮೆ ಹೇಳಿದ್ದೆ ಅಲ್ವಾ? ಅವಳನ್ನು ಇಲ್ಲಿಗೆ ಕಳಿಸು. ಶಿವಮೊಗ್ಗದಿಂದ ಎರಡು ಗಂಟೆ ದಾರಿ. ಅಡಿಕೆ ವ್ಯಾಪಾರದ ಟೆಂಡರ್ ದಿನ ನಾನೇ ಸೊಸೈಟಿಗೆ ಕರೆದುಕೊಂಡು ಹೋಗಿ ಆ ಗುಮಾಸ್ತೆಯ ಪಕ್ಕ ಕೂರಿಸುತ್ತೇನೆ. ಉಳಿಯಲು ಮಾಳಿಗೆ ಕೋಣೆ ಇದೆ, ಅತ್ತೆಗೆ ಹೇಳಿದ್ದೇನೆ.

ನಿನ್ನ ಪ್ರೀತಿಯ
ಸೋದರಮಾವ